ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟ್, ಆಫೀಸು ಏಳುತ್ತಿದೆಯೇ? ಬೋರ್ಡು ಕಂಡ ದಿನದಿಂದ ಏನೇನು ಮಾಡಬೇಕು

ನಮ್ಮ ಮನೆಯ ಮುಂಬಾಗಿಲ ಮೇಲೆ, ಬಲ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಒಂದು ಬಿರುಕಿದೆ. ಪಕ್ಕದ ಸೈಟಿನಲ್ಲಿ ಎರಡು ಬೇಸ್‌ಮೆಂಟಿಗೆ ಹೊಂಡ ತೋಡಿದ ವರ್ಷ ಬಂದದ್ದು. ಅಲ್ಲಿನ ಸೈಟ್ ಎಂಜಿನಿಯರನ್ನು ಕರೆದು ತೋರಿಸಿದೆ. ಹುಡುಗ ಒಳ್ಳೆಯವನೇ. ತಲೆ ಎತ್ತಿ ನೋಡಿ, "ಇದು ಮೊದಲೇ ಇತ್ತಲ್ವಾ ಸಾರ್?" ಅಂದ.

"ಇಲ್ಲಪ್ಪ, ಹೊಸದು."

"ಹಾಗಾದ್ರೆ ಹಳೇ ಫೋಟೋ ಏನಾದ್ರೂ ಇದೆಯಾ?"

ನನ್ನ ಫೋನಿನಲ್ಲಿ ಸಾವಿರಾರು ಫೋಟೋ ಇದ್ದವು. ಮಕ್ಕಳದ್ದು, ಬೆಕ್ಕಿನದ್ದು, ಕಳೆದುಹೋದ ಚಾರ್ಜರಿನದ್ದು ಕೂಡ. ಬಾಗಿಲ ಮೇಲಿನ ಗೋಡೆಯದ್ದು ಮಾತ್ರ ಒಂದೂ ಇರಲಿಲ್ಲ. ಮಾತು ಅಲ್ಲಿಗೇ ನಿಂತಿತು. ಕೆಲವು ವರ್ಷ ಬಿಟ್ಟು ಮನೆಯ ಇನ್ನೊಂದು ಬದಿಯಲ್ಲೂ ಕಟ್ಟಡ ಎದ್ದಿತು. ಕೆಳಗೆ ಆಫೀಸು, ಮೇಲೆ ಮನೆಗಳು. ಆ ಸಲ ಸ್ವಲ್ಪ ತಯಾರಾಗಿದ್ದೆ. ಮೊದಲ ಸಲ ಕಳೆದುಕೊಂಡದ್ದು, ಎರಡನೇ ಸಲ ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ಕಟ್ಟಡ ಬೇಡವೇ ಬೇಡ ಎಂದು ಹೊರಟರೆ ಬಹಳ ಸಲ ಕಟ್ಟಡವೂ ನಿಲ್ಲುವುದಿಲ್ಲ, ನಮಗೆ ಬೇಕಾದ ಬದಲಾವಣೆಯೂ ಸಿಗುವುದಿಲ್ಲ. ಜನಕ್ಕೆ ಮನೆ ಬೇಕು, ಕೆಲಸಕ್ಕೆ ಜಾಗ ಬೇಕು, ಅದು ಎಲ್ಲೋ ಒಂದು ಕಡೆ ಬರಲೇಬೇಕು. ಹಟ ಹಿಡಿಯಬೇಕಾದದ್ದು ಬೇರೆ ವಿಷಯಗಳ ಮೇಲೆ. ಕಾರು ಇಳಿಯುವ ರ‍್ಯಾಂಪಿನ ಬಾಯಿ ಯಾವ ರಸ್ತೆಗೆ? ಜನರೇಟರಿನ ಹೊಗೆ ಯಾವ ಕಡೆಗೆ? ಪಾಯದ ಕೆಲಸ ಯಾವ ವಿಧಾನದಲ್ಲಿ? ಇವೆಲ್ಲ ಕಾಗದದ ಮೇಲಿರುವಾಗ ಒಂದು ಗೆರೆ ಅಳಿಸಿ ಇನ್ನೊಂದು ಎಳೆದರೆ ಆಯಿತು. ಕಾಂಕ್ರೀಟು ಬಿದ್ದ ಮೇಲೆ ಹೋಗಿ ಕೂಗಾಡಿದರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಬೋರ್ಡು ಕಂಡ ದಿನವೇ

ಖಾಲಿ ಸೈಟಿನ ಮುಂದೆ ನೋಟಿಸು ಬಿದ್ದ ದಿನವೇ ಅದರ ಫೋಟೋ ತೆಗೆಯಿರಿ. ದೂರದಿಂದ ಒಂದು, ಅಕ್ಷರ ಓದುವಷ್ಟು ಹತ್ತಿರದಿಂದ ಒಂದು. ನಿಮಗೆ ಬೇಕಾದದ್ದು ಎರಡೇ: ಅರ್ಜಿ ಸಂಖ್ಯೆ ಮತ್ತು ಆಕ್ಷೇಪಣೆಗೆ ಕೊನೆಯ ದಿನಾಂಕ. ಈ ಗಡುವು ಊರಿಂದ ಊರಿಗೆ ಬೇರೆ, ಆದರೆ ಎಲ್ಲ ಕಡೆಯೂ ನಾವು ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ.

ಆ ಸಂಖ್ಯೆ ಹಿಡಿದು ನಗರಾಡಳಿತದ ಕಟ್ಟಡ ಅನುಮತಿ ವಿಭಾಗದಲ್ಲಿ ನಕ್ಷೆಗಳನ್ನು ಕೇಳಿ. ಈಗ ಬಹಳ ಕಡೆ ಆನ್‌ಲೈನಿನಲ್ಲೇ ಸಿಗುತ್ತವೆ. ಬಾಡಿಗೆ ಮನೆಯವರು "ನಮಗ್ಯಾಕೆ ಇದೆಲ್ಲ" ಅನ್ನುವುದುಂಟು. ಬೆಳಿಗ್ಗೆಯಿಂದ ಸಂಜೆವರೆಗೆ ಡ್ರಿಲ್ಲಿಂಗ್ ಶಬ್ದ ಕೇಳುವವರು ನೀವು. ಮನೆ ಮಾಲೀಕರು ಎಲ್ಲೋ ಇರುತ್ತಾರೆ. ಹಾಗಾಗಿ ನೀವೂ ಕೇಳಿ.

ಬಣ್ಣದ ಚಿತ್ರ ಬಿಟ್ಟು ಸೆಕ್ಷನ್ ಹಾಳೆ ನೋಡಿ

ಕಡತದಲ್ಲಿ ಮೊದಲು ಕಣ್ಣಿಗೆ ಬೀಳುವುದು ಚಂದದ ಬಣ್ಣದ ಚಿತ್ರ. ಆಕಾಶ ನೀಲಿ, ರಸ್ತೆ ಖಾಲಿ, ಗಿಡಗಳೆಲ್ಲ ಆಗಲೇ ಇಪ್ಪತ್ತು ವರ್ಷದ ಮರಗಳು. ನಮ್ಮ ಮನೆ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಡಬ್ಬಿ. ಅದನ್ನು ಪಕ್ಕಕ್ಕಿಡಿ.

ನೋಡಬೇಕಾದ ಹಾಳೆಗಳು ಮೂರು. ಸೈಟ್ ಪ್ಲಾನ್, ಬೇಸ್‌ಮೆಂಟ್ ಪ್ಲಾನ್, ಸೆಕ್ಷನ್. ಸೆಕ್ಷನ್ ಅಂದರೆ ಕಟ್ಟಡವನ್ನು ಚಾಕುವಿನಿಂದ ಮೇಲಿಂದ ಕೆಳಕ್ಕೆ ಕೊಯ್ದು ಪಕ್ಕದಿಂದ ನೋಡಿದ ಹಾಗೆ ಬಿಡಿಸಿದ ಚಿತ್ರ. ನಿಜವಾದ ಎತ್ತರ, ಹೊಂಡದ ಆಳ, ನಿಮ್ಮ ಕಾಂಪೌಂಡಿನಿಂದ ಬಿಟ್ಟ ಅಂತರ ಎಲ್ಲ ಅಲ್ಲೇ ಇರುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. "ಹತ್ತು ಮಹಡಿ" ಅಂದರೆ ಎಷ್ಟು ಎತ್ತರ? ಮನೆಗಳಾದರೆ ಮಹಡಿಗೆ ಸುಮಾರು 3 ಮೀಟರ್. ಆಫೀಸಾದರೆ ತಲೆ ಮೇಲೆ ಎಸಿ ಕೊಳವೆ, ವೈರು, ಫಾಲ್ಸ್ ಸೀಲಿಂಗ್ ಎಲ್ಲ ಸೇರಿ 4 ಮೀಟರಿನ ಹತ್ತಿರ. ಅಂದರೆ ಹತ್ತು ಮಹಡಿ ಅಪಾರ್ಟ್‌ಮೆಂಟು 30 ಮೀಟರ್, ಹತ್ತು ಮಹಡಿ ಆಫೀಸು 40 ಮೀಟರ್. ಅದರ ಮೇಲೆ ನೀರಿನ ಟ್ಯಾಂಕು, ಲಿಫ್ಟ್ ಕೋಣೆ, ಎಸಿಗೆ ನೀರು ತಣಿಸುವ ಚಿಲ್ಲರ್ ಯಂತ್ರಗಳು ಬೇರೆ. ಮಹಡಿ ಎಣಿಸಬೇಡಿ, ಮೀಟರ್ ಕೇಳಿ.

ಎಫ್‌ಎಆರ್ ಅನ್ನುವ ಸಂಖ್ಯೆಯೂ ಇರುತ್ತದೆ. ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ ಅದು. 2000 ಚದರ ಮೀಟರ್ ಸೈಟು, ಎಫ್‌ಎಆರ್ 3 ಅಂದರೆ ಒಟ್ಟು 6000 ಚದರ ಮೀಟರ್. ಅರ್ಧ ಸೈಟಿನ ಮೇಲೆ ಕಟ್ಟಿದರೆ ಆರು ಮಹಡಿ, ಕಾಲು ಸೈಟಿನ ಮೇಲೆ ಕಟ್ಟಿದರೆ ಹನ್ನೆರಡು. ಎರಡಕ್ಕೂ ಅದೇ 3. ಹಾಗಾಗಿ ಈ ಒಂದು ಸಂಖ್ಯೆ ನೋಡಿ ಸಮಾಧಾನವನ್ನೂ ಮಾಡಿಕೊಳ್ಳಬೇಡಿ, ಗಾಬರಿಯನ್ನೂ ಪಡಬೇಡಿ. ಜೊತೆಗೆ ಬಹಳ ಊರುಗಳಲ್ಲಿ ಪಾರ್ಕಿಂಗ್ ಮಹಡಿಗಳು ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಕಣ್ಣಿಗೆ ಕಾಣುವ ಕಟ್ಟಡ ಲೆಕ್ಕದ ಕಟ್ಟಡಕ್ಕಿಂತ ದಪ್ಪಗಿರುತ್ತದೆ.

ಈ ನಿಯಮಗಳೆಲ್ಲ ಸುಮ್ನೆ ಬಂದವಲ್ಲ. ನ್ಯೂಯಾರ್ಕಿನಲ್ಲಿ 1915ರಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎದ್ದಾಗ ಅದು ಸೈಟಿನ ಅಂಚಿನಿಂದಲೇ ಹೊರಟು, ಎಲ್ಲೂ ಹಿಂದೆ ಸರಿಯದೆ ನೆಟ್ಟಗೆ ಮೇಲಕ್ಕೆ ಹೋಗಿತ್ತು. ಸುತ್ತಲಿನ ಬೀದಿಗಳೆಲ್ಲ ಅದರ ನೆರಳಿಗೆ ಸಿಕ್ಕವು. ಮರುವರ್ಷ, 1916ರಲ್ಲಿ, ಆ ನಗರದ ಮೊದಲ ವಲಯ ನಿಯಮ ಬಂತು. ಮೇಲೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು ಎಂದಾಯಿತು. ಎಫ್‌ಎಆರ್ ಲೆಕ್ಕವನ್ನು ಆ ನಗರ ತನ್ನ ನಿಯಮಕ್ಕೆ ಸೇರಿಸಿಕೊಂಡದ್ದು 1961ರಲ್ಲಿ.

ಒಂದೇ ಜಾಗ: 60 ಮನೆಯೋ, 500 ಜನವೋ

ಟ್ರಾಫಿಕ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಲೆಕ್ಕ ಹಾಕುವವರು ಕಡಿಮೆ. ಹಾಕಿ ನೋಡೋಣ.

ಅದೇ 6000 ಚದರ ಮೀಟರ್ ತೆಗೆದುಕೊಳ್ಳಿ. ಒಂದೊಂದು ಮನೆಗೆ 100 ಚದರ ಮೀಟರ್ ಅಂದರೆ 60 ಮನೆ. ಅಷ್ಟೇ ಜಾಗ ಆಫೀಸಾದರೆ? ತಲೆಗೆ 12 ಚದರ ಮೀಟರ್ ಹಿಡಿದರೂ 500 ಜನ. ಅವರಲ್ಲಿ ಐದರಲ್ಲಿ ಒಬ್ಬರು ಕಾರಿನಲ್ಲಿ ಬಂದರೆ 100 ಕಾರು. ಎಲ್ಲ ಬೆಳಗಿನ ಒಂದು ಗಂಟೆಯೊಳಗೆ ಬಂದರೆ 36 ಸೆಕೆಂಡಿಗೆ ಒಂದು ಕಾರು ನಿಮ್ಮ ರಸ್ತೆಯಿಂದ ರ‍್ಯಾಂಪಿಗೆ ತಿರುಗುತ್ತದೆ. 60 ಮನೆಗಳಿಂದ ಅದೇ ಹೊತ್ತಿಗೆ 30 ಕಾರು ಹೊರಟರೆ ಎರಡು ನಿಮಿಷಕ್ಕೆ ಒಂದು.

ಆದರೆ ಮನೆ, ಆಫೀಸು ಎರಡೂ ಇರುವ ಕಟ್ಟಡದಲ್ಲಿ ಒಂದು ಒಳ್ಳೆಯದೂ ಇದೆ. ಬೆಳಿಗ್ಗೆ ಮನೆಯವರು ಹೊರಗೆ ಹೋಗುತ್ತಾರೆ, ಆಫೀಸಿನವರು ಒಳಗೆ ಬರುತ್ತಾರೆ. ಸಂಜೆ ತಿರುವುಮುರುವು. ಹಗಲು ಆಫೀಸಿನವರು ನಿಲ್ಲಿಸಿದ ಜಾಗದಲ್ಲೇ ರಾತ್ರಿ ಮನೆಯವರು ನಿಲ್ಲಿಸಬಹುದು. ಹೀಗೆ ಹಂಚಿಕೊಂಡರೆ ಒಂದು ಬೇಸ್‌ಮೆಂಟೇ ಕಡಿಮೆಯಾಗಬಹುದು. ಬೇಸ್‌ಮೆಂಟ್ ಕಡಿಮೆಯಾದರೆ ಹೊಂಡದ ಆಳ ಕಡಿಮೆ, ನಿಮ್ಮ ಗೋಡೆಗೆ ಅಪಾಯವೂ ಕಡಿಮೆ. ಬಿಲ್ಡರಿಗೂ ಖರ್ಚು ಉಳಿಯುತ್ತದೆ. ಇಬ್ಬರಿಗೂ ಲಾಭವಿರುವ ಇಂಥ ಮಾತನ್ನು ಮೊದಲು ಎತ್ತಿ. ಆಮೇಲಿನ ಮಾತು ಸಲೀಸಾಗುತ್ತದೆ.

ಎಣಿಕೆಯನ್ನು ನೀವೇ ಮಾಡಿ. ಕೆಲಸದ ದಿನ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ರಸ್ತೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಹದಿನೈದು ನಿಮಿಷಕ್ಕೊಂದು ಸಾಲಿನಂತೆ ಬರೆದಿಡಿ. ಕಾರು, ದ್ವಿಚಕ್ರ, ಬಸ್ಸು, ನಡೆದು ಹೋಗುವವರು ಬೇರೆ ಬೇರೆ. ನಡೆಯುವವರನ್ನು ಎಣಿಸಲು ಮರೆಯಬೇಡಿ. ಬಿಲ್ಡರ್ ಕೊಡುವ ವರದಿಯಲ್ಲಿ ಅವರ ಲೆಕ್ಕ ಸಾಮಾನ್ಯವಾಗಿ ತೆಳ್ಳಗಿರುತ್ತದೆ.

ನೆರಳಿಗೆ ಒಂದು ಮೀಟರ್ ಕೋಲು ಸಾಕು

ನೆರಳಿನ ಲೆಕ್ಕಕ್ಕೆ ಸಾಫ್ಟ್‌ವೇರು ಬೇಕಿಲ್ಲ. ತಾರಸಿಯಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಅಳೆಯಿರಿ. ನೆರಳು 80 ಸೆಂಟಿಮೀಟರ್ ಇದ್ದರೆ 40 ಮೀಟರ್ ಕಟ್ಟಡದ ನೆರಳು ಆ ಹೊತ್ತಿಗೆ 32 ಮೀಟರ್. ಕೋಲಿನ ನೆರಳು ಯಾವ ದಿಕ್ಕಿಗೋ ಕಟ್ಟಡದ್ದೂ ಆ ದಿಕ್ಕಿಗೇ.

ಅತಿ ಉದ್ದದ ನೆರಳು ಯಾವಾಗ ಅನ್ನುವುದು ಮುಖ್ಯ. ಉತ್ತರಾರ್ಧ ಗೋಳದಲ್ಲಿ ಡಿಸೆಂಬರ್ 21ರ ಆಸುಪಾಸು, ದಕ್ಷಿಣದಲ್ಲಿ ಜೂನ್ 21ರ ಆಸುಪಾಸು. ಅಷ್ಟು ದಿನ ಕಾಯಲಾಗದಿದ್ದರೆ, 90ರಿಂದ ನಿಮ್ಮ ಊರಿನ ಅಕ್ಷಾಂಶ ಕಳೆಯಿರಿ, ಮತ್ತೆ 23.5 ಕಳೆಯಿರಿ. ಬಂದದ್ದು ಆ ದಿನ ನಡುಹಗಲಿನಲ್ಲಿ ಸೂರ್ಯ ಇರುವ ಕೋನ. ಅಕ್ಷಾಂಶ 15 ಡಿಗ್ರಿ ಇರುವ ಊರಲ್ಲಿ ಇದು 51.5. 40 ಮೀಟರ್ ಕಟ್ಟಡಕ್ಕೆ ಸುಮಾರು 32 ಮೀಟರ್ ನೆರಳು. ಅಕ್ಷಾಂಶ 50 ಇರುವ ಊರಲ್ಲಿ ಕೋನ ಬರೀ 16.5, ಅದೇ ಕಟ್ಟಡದ ನೆರಳು ಸುಮಾರು 135 ಮೀಟರ್. ಜಪಾನ್ 1976ರಲ್ಲಿ ತನ್ನ ಕಟ್ಟಡ ಕಾನೂನು ತಿದ್ದಿ, ಚಳಿಗಾಲದ ಆ ಒಂದು ದಿನ ಪಕ್ಕದ ಜಾಗದ ಮೇಲೆ ಎಷ್ಟು ಗಂಟೆ ನೆರಳು ಬೀಳಬಹುದು ಅನ್ನುವುದಕ್ಕೇ ಮಿತಿ ಹಾಕಿತು. ಇಂಗ್ಲೆಂಡಿನಲ್ಲಿ 1832ರ ಕಾನೂನಿನ ಪ್ರಕಾರ ಒಂದು ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬೆಳಕು ಬಂದಿದ್ದರೆ ಆ ಬೆಳಕೇ ಒಂದು ಹಕ್ಕು. ನಿಮ್ಮಲ್ಲಿ ಏನಿದೆ ಅಂತ ವಿಚಾರಿಸಿಕೊಳ್ಳಿ. ಎಷ್ಟೋ ಕಡೆ ಇಂಥ ಹಕ್ಕೇ ಇಲ್ಲ. ಆಗ ಕೇಳಬೇಕಾದದ್ದು ಸೆಟ್‌ಬ್ಯಾಕ್, ಅಂದರೆ ಸೈಟಿನ ಗಡಿಯಿಂದ ಕಟ್ಟಡಕ್ಕೆ ಬಿಡುವ ಅಂತರ.

ಗಾಜು ಮತ್ತು ಗಾಳಿ ಎತ್ತರದ ಆಫೀಸು ಕಟ್ಟಡಗಳ ಬೇರೆಯೇ ತಲೆನೋವು. ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಕಟ್ಟಡದ ಮುಖ ಒಳಕ್ಕೆ ಬಾಗಿದ ಗಾಜು. 2013ರಲ್ಲಿ ಅದು ಬಿಸಿಲನ್ನು ಭೂತಗನ್ನಡಿಯಂತೆ ಒಂದೆಡೆ ಕೂಡಿಸಿ ಕೆಳಗೆ ನಿಂತಿದ್ದ ಕಾರಿನ ಭಾಗಗಳನ್ನು ಕರಗಿಸಿತು. ಆಮೇಲೆ ಬಿಸಿಲು ತಡೆಯುವ ಪಟ್ಟಿಗಳನ್ನು ಜೋಡಿಸಬೇಕಾಯಿತು. ಲೀಡ್ಸ್ ನಗರದ ಬ್ರಿಜ್‌ವಾಟರ್ ಪ್ಲೇಸ್ 112 ಮೀಟರ್ ಎತ್ತರ. ಅದಕ್ಕೆ ಬಡಿದು ಕೆಳಗಿಳಿದ ಗಾಳಿಗೆ 2011ರಲ್ಲಿ ಒಂದು ಲಾರಿಯೇ ಮಗುಚಿ ನಡೆದು ಹೋಗುತ್ತಿದ್ದವರೊಬ್ಬರು ಸತ್ತರು. ನಿಮ್ಮ ಪಕ್ಕದ್ದು ಅಷ್ಟು ಎತ್ತರ ಇರಲಿಕ್ಕಿಲ್ಲ. ಆದರೂ ಸುತ್ತಲಿನವುಗಳಿಗಿಂತ ಎರಡು ಪಟ್ಟು ಎತ್ತರವಿದ್ದರೆ ಗಾಳಿ ಪರೀಕ್ಷೆ ಮಾಡಿದ್ದಾರೆಯೇ ಅಂತ ಒಂದು ಸಾಲು ಬರೆದು ಕೇಳಿ.

ಆಕ್ಷೇಪಣೆ ಬರೆಯುವ ಬಗೆ

ನೂರು ಜನ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಅದು ನೂರು ಸಹಿಯ ಒಂದು ಕಾಗದ. ಹತ್ತು ಜನ ಹತ್ತು ಬೇರೆ ವಿಷಯ ಬರೆದರೆ ಅಧಿಕಾರಿ ಹತ್ತಕ್ಕೂ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ವಿಷಯ ಹಂಚಿಕೊಳ್ಳಿ. ರ‍್ಯಾಂಪು ಒಬ್ಬರಿಗೆ, ನೆರಳು ಒಬ್ಬರಿಗೆ, ಮರ ಒಬ್ಬರಿಗೆ, ಒಳಚರಂಡಿ ಇನ್ನೊಬ್ಬರಿಗೆ.

ಕೆಲವು ಕಾರಣಗಳಿಗೆ ತೂಕವಿಲ್ಲ. "ನಮ್ಮ ಕಿಟಕಿಯಿಂದ ಕಾಣುವ ನೋಟ ಹೋಗುತ್ತದೆ", "ನಮ್ಮ ಮನೆ ಬೆಲೆ ಇಳಿಯುತ್ತದೆ" ಅನ್ನುವುದನ್ನು ಇಂಗ್ಲೆಂಡಿನಂಥ ಕಡೆ ಪರಿಗಣನೆಗೇ ತೆಗೆದುಕೊಳ್ಳುವುದಿಲ್ಲ. ಬೇರೆ ಕಡೆಯೂ ಅದಕ್ಕೆ ಬೆಲೆ ಕಡಿಮೆ.

"ಟ್ರಾಫಿಕ್ ಜಾಸ್ತಿ ಆಗುತ್ತದೆ, ದಯವಿಟ್ಟು ಅನುಮತಿ ಕೊಡಬೇಡಿ" ಅಂತ ಬರೆದರೆ ಅಧಿಕಾರಿ ಏನು ಮಾಡಬೇಕು? ಅದರ ಬದಲು ಹೀಗೆ ಬರೆದು ನೋಡಿ: "ಹಾಳೆ 7ರಲ್ಲಿ ತೋರಿಸಿದ ರ‍್ಯಾಂಪಿನ ಬಾಯಿ ಶಾಲೆಯ ಗೇಟಿನಿಂದ 12 ಮೀಟರ್ ದೂರದಲ್ಲಿದೆ. ಬೆಳಿಗ್ಗೆ 8ರಿಂದ 9ರೊಳಗೆ ನಾವು ಎಣಿಸಿದಾಗ 140 ಮಕ್ಕಳು ಅಲ್ಲಿ ನಡೆದುಹೋದರು. ರ‍್ಯಾಂಪನ್ನು ಉತ್ತರದ ರಸ್ತೆಗೆ ತಿರುಗಿಸಬೇಕೆಂದು ಕೋರುತ್ತೇವೆ." ಸಂಖ್ಯೆಗಳು ನಿಮ್ಮವೇ ಇರಲಿ. ಹಾಳೆ ಸಂಖ್ಯೆ, ಅಳತೆ, ಎಣಿಕೆ, ಬೇಡಿಕೆ ನಾಲ್ಕೂ ಇದ್ದರೆ ಆ ಕಾಗದವನ್ನು ಸುಲಭವಾಗಿ ಪಕ್ಕಕ್ಕಿಡಲು ಆಗುವುದಿಲ್ಲ.

ಮರಕ್ಕೂ ಅಳತೆ ಇದೆ. ಎದೆ ಎತ್ತರದಲ್ಲಿ ಕಾಂಡದ ಅಡ್ಡಳತೆ ನೋಡಿ, ಅದನ್ನು 12ರಿಂದ ಗುಣಿಸಿ. ಅಷ್ಟು ದೂರದವರೆಗೆ ಸುತ್ತಲೂ ಬೇರನ್ನು ಮುಟ್ಟಬಾರದು ಅನ್ನುವುದು ಬ್ರಿಟಿಷ್ ಮಾನದಂಡ. 40 ಸೆಂಟಿಮೀಟರ್ ಕಾಂಡಕ್ಕೆ 4.8 ಮೀಟರ್. ನಕ್ಷೆಯಲ್ಲಿ "ಮರ ಉಳಿಸಲಾಗುವುದು" ಅಂತ ಬರೆದು, ಅದರ ಬುಡದಿಂದ ಒಂದೂವರೆ ಮೀಟರಿಗೆ ಬೇಸ್‌ಮೆಂಟ್ ಗೋಡೆ ತೋರಿಸಿರುತ್ತಾರೆ. ಅಂಥ ಮರ ಹೆಚ್ಚು ಕಾಲ ಉಳಿಯುವುದಿಲ್ಲ.

ಬಿಲ್ಡರ್ ಜೊತೆ ಕೂತಾಗ

ಮೂರು ಜನ ಹೋಗಿ, ಮೂವತ್ತು ಜನ ಬೇಡ. ಒಬ್ಬರು ಮಾತಾಡಲಿ, ಒಬ್ಬರು ಬರೆದುಕೊಳ್ಳಲಿ. ಮೂರನೆಯವರು ಕೋಪ ಬಂದವರನ್ನು ಹೊರಗೆ ಕರೆದುಕೊಂಡು ಹೋಗಲಿಕ್ಕೆ. ಇದು ತಮಾಷೆಯಲ್ಲ, ನಮ್ಮಲ್ಲಿ ಬೇಕಾಯಿತು.

ಬಿಲ್ಡರಿಗೆ ಖರ್ಚು ಕಡಿಮೆ, ನಮಗೆ ಉಪಕಾರ ಜಾಸ್ತಿ ಇರುವಂಥವನ್ನು ಕೇಳಿ. ಕಸದ ಕೋಣೆ ನಿಮ್ಮ ಅಡುಗೆಮನೆ ಕಿಟಕಿಯ ಎದುರು ಇದ್ದರೆ ಇನ್ನೊಂದು ಮೂಲೆಗೆ. ಜನರೇಟರಿನ ಹೊಗೆ ಕೊಳವೆ ತಾರಸಿವರೆಗೆ. ಚಿಲ್ಲರ್ ಸುತ್ತ ಶಬ್ದ ತಡೆಯುವ ಗೋಡೆ. ಆಫೀಸು ಮಹಡಿಯ ಕಿಟಕಿಗಳು ನಿಮ್ಮ ಮಲಗುವ ಕೋಣೆಯ ಎದುರಿದ್ದರೆ ಅಲ್ಲಿ ಮಬ್ಬು ಗಾಜು. ಬೀದಿ ಕಡೆ ಕುರುಡು ಗೋಡೆಯ ಬದಲು ಬಾಗಿಲುಗಳು, ಅಂಗಡಿಗಳು. ಸೈಟ್ ಉದ್ದಕ್ಕಿದ್ದರೆ ಜನ ದಾಟಿ ಹೋಗಲು ಮಧ್ಯೆ ಒಂದು ಓಣಿ.

"ಆಯ್ತು ಸಾರ್, ಮಾಡೋಣ" ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ಮನೆಗೆ ಬಂದು ಅದೇ ರಾತ್ರಿ ಒಂದು ಇಮೇಲ್ ಕಳಿಸಿ: ಇವತ್ತು ಇಂತಿಂಥ ವಿಷಯಕ್ಕೆ ನೀವು ಒಪ್ಪಿದಿರಿ, ತಪ್ಪಿದ್ದರೆ ತಿಳಿಸಿ. ಅದರ ಪ್ರತಿ ನಗರಾಡಳಿತಕ್ಕೂ ಹೋಗಲಿ. ಒಪ್ಪಿದ್ದು ಅನುಮತಿ ಪತ್ರದಲ್ಲಿ ಷರತ್ತಾಗಿ ಬಂದರೆ ಮಾತ್ರ ಅದಕ್ಕೆ ಹಲ್ಲಿರುತ್ತದೆ.

ಕೊನೆಗೆ ಪಾಯದ ವಿಧಾನ ಕೇಳಿ, ಇದನ್ನು ಬಿಡಲೇಬೇಡಿ. ಪೈಲನ್ನು, ಅಂದರೆ ಪಾಯಕ್ಕೆ ನೆಲದಾಳಕ್ಕೆ ಇಳಿಸುವ ಕಂಬವನ್ನು, ಸುತ್ತಿಗೆಯಿಂದ ಬಡಿದು ಇಳಿಸುತ್ತಾರೋ, ಕೊರೆದು ಕಾಂಕ್ರೀಟು ತುಂಬುತ್ತಾರೋ? ಬಡಿಯುವ ಯಂತ್ರ 15 ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಶಬ್ದ ಮಾಡುತ್ತದೆ, ಕೊರೆಯುವ ಯಂತ್ರ ಸುಮಾರು 85. ಹದಿನೈದೇ ತಾನೇ ಅನ್ನಬೇಡಿ. ಡೆಸಿಬೆಲ್ 10 ಏರಿದರೆ ಕಿವಿಗೆ ಶಬ್ದ ಎರಡು ಪಟ್ಟಾದಂತೆ ಕೇಳುತ್ತದೆ. ಅದುರುವಿಕೆಯಲ್ಲೂ ವ್ಯತ್ಯಾಸ ದೊಡ್ಡದು.

ಹೊಂಡ ತೋಡುವ ಮೊದಲು ನಿಮ್ಮ ಮನೆಯ ಫೋಟೋ

ಇಲ್ಲಿಗೆ ಬಂದೆವು. ಬೇರೇನೂ ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ.

ತಗಡಿನ ಬೇಲಿ ಎದ್ದ ವಾರವೇ, ಹಳೆ ಕಟ್ಟಡ ಕೆಡವುವ ಮೊದಲೇ, ಹಗಲು ಬೆಳಕಿನಲ್ಲಿ ಮನೆಯ ಪ್ರತಿ ಕೋಣೆಗೆ ಹೋಗಿ. ಬಾಗಿಲ ಎಡಗಡೆಯಿಂದ ಶುರು ಮಾಡಿ ಸುತ್ತು ಬನ್ನಿ. ನಾಲ್ಕು ಗೋಡೆ, ಚಾವಣಿ, ನೆಲ. ಬಾಗಿಲು ಕಿಟಕಿಗಳ ಮೂಲೆಗಳನ್ನು ಹತ್ತಿರದಿಂದ. ಗೋಡೆ ಜರುಗಿದರೆ ಮೊದಲು ಬಾಯಿ ಬಿಡುವುದು ಆ ಮೂಲೆಗಳೇ. ಹೊರಗೆ ಕಾಂಪೌಂಡು, ಮೆಟ್ಟಿಲು, ನೀರಿನ ಸಂಪು, ಗೇಟಿನ ಕಂಬ. ಕೊನೆಗೆ ಇಡೀ ಮನೆಯ ಒಂದು ವಿಡಿಯೊ, ಮಾತಾಡುತ್ತಾ: "ಇದು ಊಟದ ಕೋಣೆ, ಪಶ್ಚಿಮದ ಗೋಡೆ, ಇಲ್ಲಿ ಹಳೆಯ ಬಿರುಕು ಒಂದಿದೆ." ಹಳೆಯದನ್ನು ಮುಚ್ಚಿಡಬೇಡಿ. ಹಳೆಯದನ್ನು ಹಳೆಯದೆಂದು ಬರೆದವರು ಹೊಸದನ್ನು ಹೊಸದು ಅಂದಾಗ ಕೇಳುತ್ತಾರೆ.

ಇದ್ದ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಅಗಲ ಅಳೆಯಲು ನಿಮ್ಮ ಪರ್ಸಿನಲ್ಲೇ ಒಂದು ಸಾಧನವಿದೆ. ಎಟಿಎಂ ಕಾರ್ಡಿನ ದಪ್ಪ ಎಲ್ಲ ದೇಶದಲ್ಲೂ ಒಂದೇ, 0.76 ಮಿಲಿಮೀಟರ್. ಕಾರ್ಡಿನ ಅಂಚು ಬಿರುಕಿನೊಳಗೆ ಹೋಗದಿದ್ದರೆ ಸದ್ಯಕ್ಕೆ ಗಾಬರಿ ಬೇಡ. ಮೊನ್ನೆ ಹೋಗದ ಕಾರ್ಡು ಇವತ್ತು ಹೋಗುತ್ತಿದೆಯೇ? ಆಗ ಫೋನು ತೆಗೆಯಿರಿ. ಬಿರುಕು 5 ಮಿಲಿಮೀಟರ್ ದಾಟಿದರೆ, ಅಥವಾ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಹಿಡಿಯಲು ಶುರುವಾದರೆ, ಕಾಯಬೇಡಿ. ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಎಷ್ಟು ದೂರದ ಮನೆಯವರು ಇದನ್ನೆಲ್ಲ ಮಾಡಬೇಕು? ಹೊಂಡದ ಆಳದ ಎರಡು ಪಟ್ಟು ದೂರದವರೆಗೆ ನೆಲ ಸ್ವಲ್ಪವಾದರೂ ಕುಸಿಯಬಹುದು ಅನ್ನುವುದು ಮಣ್ಣಿನ ಎಂಜಿನಿಯರುಗಳು ಬಳಸುವ ಒರಟು ಲೆಕ್ಕ. ಮೆದು ಜೇಡಿಯಾದರೆ ಇನ್ನೂ ದೂರ. ಎರಡು ಬೇಸ್‌ಮೆಂಟಿಗೆ 8 ಮೀಟರ್ ಹೊಂಡ ಅಂದರೆ 16 ಮೀಟರ್. ಹೊಂಡದಿಂದ ಹಗಲು ರಾತ್ರಿ ನೀರು ಪಂಪು ಮಾಡುತ್ತಿದ್ದರೆ ಇನ್ನೂ ಆಚೆಗೂ ಅಂತರ್ಜಲ ಇಳಿದು ನೆಲ ಕುಸಿಯಬಹುದು. ಪಂಪಿನಿಂದ ಬರುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಅರ್ಧ ಗಂಟೆ ಇಡಿ. ತಳದಲ್ಲಿ ಮಣ್ಣು ಕೂತರೆ, ನೀರಿನ ಜೊತೆ ನಿಮ್ಮ ಪಾಯದ ಕೆಳಗಿನ ಮಣ್ಣೂ ಹೋಗುತ್ತಿರಬಹುದು. ಅದೇ ದಿನ ಲೋಟದ ಫೋಟೋ ಸಮೇತ ಎಂಜಿನಿಯರಿಗೆ, ನಗರಾಡಳಿತಕ್ಕೆ ತಿಳಿಸಿ.

ಫೋಟೋಗಳನ್ನು ಫೋನಿನಲ್ಲೇ ಬಿಡಬೇಡಿ. ನಿಮಗೇ ಒಂದು ಇಮೇಲ್ ಮಾಡಿ, ಬಿಲ್ಡರಿಗೂ ಒಂದು ಪ್ರತಿ ಕಳಿಸಿ. ಎರಡನೇ ಸಲ ನಾನು 214 ಫೋಟೋ ಕಳಿಸಿದೆ. ಎರಡು ದಿನಕ್ಕೆ ಅವರ ಕಡೆಯಿಂದಲೇ ಒಬ್ಬರು ಅಳತೆ ಪಟ್ಟಿ ಹಿಡಿದು ಬಂದು, ಗೋಡೆಗೆ ಪುಟ್ಟ ಗುರುತುಗಳನ್ನು ಅಂಟಿಸಿ ಹೋದರು. ಪಕ್ಕದ ಮನೆಯವರು ಲೆಕ್ಕ ಇಡುತ್ತಾರೆ ಅಂತ ಗೊತ್ತಾದರೆ ಹೊಂಡ ತೋಡುವವರ ಕೈಯೂ ಸ್ವಲ್ಪ ಮೆತ್ತಗಾಗುತ್ತದೆ.

ಕೆಲಸ ನಡೆಯುವಾಗ

ಒಂದು ನೋಟ್‌ಬುಕ್ ಇಡಿ. ತಾರೀಕು, ಹೊತ್ತು, ಏನಾಯಿತು. "ರಾತ್ರಿ 11.40, ಲಾರಿ ಸರಳು ಇಳಿಸಿತು" ಅಷ್ಟು ಸಾಕು. "ರಾತ್ರಿಯೆಲ್ಲ ಗಲಾಟೆ" ಅಂದರೆ ಯಾರೂ ನಂಬುವುದಿಲ್ಲ.

ದೂರು ಕೊಡುವಾಗ ಸ್ವಲ್ಪ ವಿವೇಚನೆ ಇರಲಿ. ಪಾಯದ ದೊಡ್ಡ ಕಾಂಕ್ರೀಟು ಹಾಕುವ ದಿನ ಅವರು ಮಧ್ಯೆ ನಿಲ್ಲಿಸಲು ಆಗುವುದಿಲ್ಲ. ನಿಲ್ಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಬೆಸುಗೆ ಸರಿಯಾಗಿ ಕೂರುವುದಿಲ್ಲ. ಆ ದಿನ ರಾತ್ರಿ ಕೆಲಸ ನಡೆದರೆ ಸಹಿಸಿಕೊಳ್ಳಿ, ಮೂರು ದಿನ ಮುಂಚೆ ಹೇಳಿ ಅಂತ ಕೇಳಿ. ಸರಳು ಇಳಿಸುವುದು, ತಗಡು ಬಡಿಯುವುದು, ಗೋಡೆ ಕೊರೆಯುವುದಕ್ಕೆ ರಾತ್ರಿ ಬೇಕಿಲ್ಲ. ಅದನ್ನು ಬಿಡಬೇಡಿ.

ಅದುರುವಿಕೆಯ ವಿಷಯದಲ್ಲಿ ನಮ್ಮ ಮೈ ನಮಗೆ ಮೋಸ ಮಾಡುತ್ತದೆ. ಸೆಕೆಂಡಿಗೆ 0.3 ಮಿಲಿಮೀಟರ್ ವೇಗದ ಅದುರು ಮನುಷ್ಯರಿಗೆ ಗೊತ್ತಾಗುತ್ತದೆ. ಮಾಮೂಲಿ ಮನೆಗೆ ಪೆಟ್ಟಾಗದಿರಲು ಜರ್ಮನಿಯ ಮಾನದಂಡ ಹಾಕುವ ಮಿತಿ, ನಿಧಾನದ ಅದುರುಗಳಿಗೆ, ಸೆಕೆಂಡಿಗೆ 5 ಮಿಲಿಮೀಟರ್. ಪಾತ್ರೆ ಗಲಗಲ ಅಂದ ಮಾತ್ರಕ್ಕೆ ಗೋಡೆ ಬಿರಿಯಿತು ಅಂತಲ್ಲ. ಅಳೆಯುವ ಮೀಟರನ್ನು ನಿಮ್ಮ ಮನೆಯ ಪಾಯದ ಹತ್ತಿರ ಇಡಲು ಹೇಳಿ, ವಾರಕ್ಕೊಮ್ಮೆ ಅದರ ಅಂಕಿ ಕೇಳಿ. ಅವರು ಸೈಟಿನ ಆಚೆ ಮೂಲೆಯಲ್ಲಿಟ್ಟ ಮೀಟರು ಯಾವಾಗಲೂ ಚೆನ್ನಾಗಿಯೇ ಓದುತ್ತದೆ!

ಧೂಳಿಗೆ ಉಪಾಯಗಳು ಹಳೆಯವೇ. ಮಣ್ಣಿಗೆ ನೀರು, ಲಾರಿಗೆ ಹೊದಿಕೆ, ಗೇಟು ದಾಟುವ ಮುಂಚೆ ಚಕ್ರ ತೊಳೆಯುವುದು. ಮೂರನೆಯದನ್ನೇ ಎಲ್ಲರೂ ಮರೆಯುವುದು, ಅದನ್ನೇ ಕೇಳಿ. ರಸ್ತೆಗೆ ಬಂದ ಮಣ್ಣು ಒಣಗಿದ ಮೇಲೆ ದಿನವಿಡೀ ಪ್ರತಿ ಗಾಡಿಯೂ ಅದನ್ನು ಎಬ್ಬಿಸುತ್ತದೆ.

ಸೈಟಿನ ಕಾವಲುಗಾರರು, ಮೇಸ್ತ್ರಿ ಇವರ ಮೇಲೆ ರೇಗಬೇಡಿ. ರ‍್ಯಾಂಪು ಎಲ್ಲಿ ಬರಬೇಕು ಅಂತ ತೀರ್ಮಾನಿಸಿದವರು ಅವರಲ್ಲ. ನಾಳೆ ದೊಡ್ಡ ಕ್ರೇನು ಬರುತ್ತದೆ, ಕಾರು ಆಚೆ ನಿಲ್ಲಿಸಿ ಅಂತ ನಮಗೆ ಮುಂಚೆ ಹೇಳುತ್ತಿದ್ದದ್ದು ಕಾವಲುಗಾರರೇ.

ಕಟ್ಟಡ ಮುಗಿದ ಮೇಲೆ

ಜನ ಬರುವ ಮೊದಲು ಅನುಮತಿ ಪತ್ರದ ಷರತ್ತುಗಳನ್ನು ಹಿಡಿದು ಒಂದು ಸುತ್ತು ಹಾಕಿ. ಹೊಗೆ ಕೊಳವೆ ತಾರಸಿಗೆ ಹೋಗಿದೆಯೇ? ಮಧ್ಯದ ಓಣಿಗೆ ಗೇಟು ಹಾಕಿ ಬೀಗ ಜಡಿದಿದ್ದಾರೆಯೇ? ಮಬ್ಬು ಗಾಜು ಎಲ್ಲಿ? ವಾಸಕ್ಕೆ ಅನುಮತಿ ಕೊಡುವ ಮುಂಚೆ ದೂರು ಹೋದರೆ ಬೇಗ ಸರಿಯಾಗುತ್ತದೆ. ಆಮೇಲೆ ಬಿಲ್ಡರ್ ಮುಂದಿನ ಸೈಟಿಗೆ ಹೋಗಿರುತ್ತಾರೆ.

ಚಿಲ್ಲರಿನ ಗುಂಯ್ ಶಬ್ದ ಹಗಲು ಗೊತ್ತಾಗುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಕಿಟಕಿ ತೆಗೆದು ಕೇಳಿ. ಆಫೀಸಿನ ದೀಪಗಳು ರಾತ್ರಿಯೆಲ್ಲ ಉರಿಯುತ್ತವೆಯೇ ಅಂತಲೂ ನೋಡಿ. ಟೈಮರಿನಿಂದ ಸರಿಹೋಗುವ ವಿಷಯ ಅದು.

ಮನೆಯ ಬಿರುಕುಗಳಿಗೆ ಆತುರದಲ್ಲಿ ಸಿಮೆಂಟು ಮೆತ್ತಿ ಬಣ್ಣ ಹೊಡೆಯಬೇಡಿ. ನೆಲ ಕೂತುಕೊಳ್ಳಲು ಸಮಯ ಬೇಕು. ಮಳೆ, ಬೇಸಿಗೆ ಎರಡೂ ಒಂದು ಸುತ್ತು ಕಳೆಯಲಿ. ಪೆನ್ಸಿಲ್ ಗೆರೆ ದಾಟಿ ಬಿರುಕು ಬೆಳೆದಿಲ್ಲ ಅಂತ ಖಾತ್ರಿಯಾದ ಮೇಲೆ ತುಂಬಿಸಿ. ಎರಡನೇ ಕಟ್ಟಡದಿಂದ ನಮ್ಮ ಮನೆಯಲ್ಲಿ ಮೂರು ಹೊಸ ಬಿರುಕು ಬಂದಿದ್ದವು. ಮೂರಕ್ಕೂ ಹಳೆ ಫೋಟೋ ಇತ್ತು. ಬಿಲ್ಡರೇ ಜನ ಕಳಿಸಿ ತುಂಬಿಸಿ ಬಣ್ಣ ಹಚ್ಚಿಸಿದರು. ಬಣ್ಣದವನು ಮುಂಬಾಗಿಲ ಮೇಲಿನದನ್ನೂ ನೋಡಿ, "ಇದನ್ನೂ ತುಂಬಿಸಲಾ?" ಅಂತ ಕೇಳಿದ. ಅದು ಪಟ್ಟಿಯಲ್ಲಿ "ಹಳೆಯದು" ಅಂತ ನಾನೇ ಬರೆದುಕೊಟ್ಟದ್ದು. ಬೇಡ ಅಂದೆ.